ಚಿತ್ರವನ್ನು ಕಂಡ ಮೇಲೆ ಗ್ರಂಥವನ್ನೋದುವ ಬಗೆ

ಚಲಚ್ಚಿತ್ರದಲ್ಲಿ ಕಣ್ಣಾರೆ ಕಂಡು ಮುಗಿಸಿದ ಕಥೆಯನ್ನು ಪುನಃ ಪುಸ್ತಕದಲ್ಲಿ ಓದತಕ್ಕದ್ದೇನಿದೆ ಎಂಬ ಪ್ರಶ್ನೆಯನ್ನು ನಮ್ಮ ಶಾಲೆಯ ಹುಡುಗಿಯರು ಕೇಳುವುದುಂಟು. ಅವರಿಗಿಂತ ಹೆಚ್ಚಾಗಿ ಅವರ ತಾಯಿತಂದೆಗಳು ಕೇಳುವುದುಂಟು. ಕಥೆ ತಿಳಿದ ಮೇಲೆ ಹೊತ್ತು ಕಳೆಯುವುದೇಕೆ, ಆ ಹೊತ್ತನ್ನು ಗಣಿತಕ್ಕೆ ಕೊಡಬಾರದೇ ಎಂಬುದು ಅವರ ವಾದ. ಗಣಿತಕ್ಕೆ ಹೊತ್ತು ಸಲ್ಲಲೇಬೇಕು, ಅದರಲ್ಲಿ ತಕರಾರಿಲ್ಲ. ಆದರೆ ಕಥೆಯನ್ನು ತಿಳಿಯುವುದೂ ಗ್ರಂಥವನ್ನು ಓದುವುದೂ ಒಂದೇ ಕಾರ್ಯವೆಂದು ಎಣಿಸುವುದು ಸರಿಯಲ್ಲ. ಹಿಂದಿನ ತಲೆಯವರು ಮೊದಲು ಪುಸ್ತಕವನ್ನೋದಿ, ಬಳಿಕ ಡೇರೆಯ ಚಿತ್ರಮಂದಿರಕ್ಕೆ ಬಂಡಿ ಕಟ್ಟಿಕೊಂಡು ಹೋಗಿ, ತಮ್ಮ ಮನಸ್ಸಿನಲ್ಲಿದ್ದ ನಾಯಕಿಗೂ ತೆರೆಯ ಮೇಲಿನ ನಾಯಕಿಗೂ ಇರುವ ಅಂತರವನ್ನು ದಾರಿಯುದ್ದಕ್ಕೂ ಚರ್ಚಿಸಿಕೊಂಡು ಹಿಂದಿರುಗುತ್ತಿದ್ದರು. ಈಗ ಕ್ರಮವು ತಲೆಕೆಳಗಾಗಿದೆ. ಹಿರಿಯೂರಿನ ಹುಡುಗಿಯೊಬ್ಬಳು ಅಂಗೈಯಗಲದ ತೆರೆಯಲ್ಲಿ ಇಡೀ ಚಿತ್ರವನ್ನು ನೋಡಿ ಮುಗಿಸಿದ ಮೇಲೆಯೇ ಅದರ ಮೂಲ ಗ್ರಂಥದ ಹೆಸರನ್ನು ಕೇಳುತ್ತಾಳೆ. ಇದಕ್ಕಾಗಿ ಆಕೆಯನ್ನು ನಿಂದಿಸುವುದರಿಂದ ಪ್ರಯೋಜನವಿಲ್ಲ. ಕಾಲವೇ ಹಾಗಿರುವಾಗ, ಚಿತ್ರವನ್ನು ಮೊದಲು ಕಂಡವರು ಗ್ರಂಥವನ್ನು ಹೇಗೆ ಓದಬೇಕೆಂಬುದನ್ನು ಕಲಿಸುವುದೇ ನಮ್ಮ ಪಾಲಿಗೆ ಉಳಿದಿರುವ ಕೆಲಸ.

ಈ ಪಾಠಕ್ಕೆ ದೂರದ ಉದಾಹರಣೆಯನ್ನು ಅರಸಬೇಕಾಗಿಲ್ಲ. ನಮ್ಮ ಬೆಟ್ಟದ ಮೇಲೆಯೇ ನಡೆದ ಕಥೆಯೊಂದಿದೆ. ‘ನಾಗರಹಾವು’ ಎಂಬ ಚಿತ್ರವು ೧೯೭೨ನೆಯ ಇಸವಿಯ ಡಿಸೆಂಬರ್ ತಿಂಗಳ ಕೊನೆಯಲ್ಲಿ ತೆರೆಗೆ ಬಂದಿತು. ಎನ್. ವೀರಾಸ್ವಾಮಿಯವರು ಅದರ ನಿರ್ಮಾಪಕರು, ಎಸ್. ಆರ್. ಪುಟ್ಟಣ್ಣ ಕಣಗಾಲರು ನಿರ್ದೇಶಕರು. ವಿಷ್ಣುವರ್ಧನರು ನಾಯಕಪಾತ್ರವನ್ನು ವಹಿಸಿದ ಮೊದಲ ಚಿತ್ರವದು; ಅಂಬರೀಷರು ಬೆಳ್ಳಿತೆರೆಯನ್ನು ಪ್ರವೇಶಿಸಿದ್ದೂ ಅದರಲ್ಲಿಯೇ. ೨೦೧೮ರಲ್ಲಿ ಅದನ್ನು ಹೊಸ ತಂತ್ರದಿಂದ ಸಂಸ್ಕರಿಸಿ ಮತ್ತೆ ಬಿಡುಗಡೆ ಮಾಡಿದಾಗ, ಮೊದಲ ಬಾರಿ ಅದನ್ನು ನೋಡಿದ್ದ ಅಜ್ಜಿಯರು ಮೊಮ್ಮಕ್ಕಳೊಡನೆ ಹೋಗಿ ಕುಳಿತರು. ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಚಾಮಯ್ಯ ಮೇಷ್ಟರ ಹೆಸರನ್ನು ಕೇಳದ ಮನೆ ಇರಲಾರದು. ಆದರೆ ಚಿತ್ರದ ಮೂಲವನ್ನು ಬರೆದ ತ. ರಾ. ಸುಬ್ಬರಾಯರ ಪುಸ್ತಕವನ್ನು ಕೈಯಲ್ಲಿ ಹಿಡಿದಿರುವ ಮನೆಗಳೆಷ್ಟು ಎಂದು ವಿಚಾರಿಸಿದರೆ ಉತ್ತರವು ಅಷ್ಟು ಉತ್ಸಾಹಕರವಾಗಿರುವುದಿಲ್ಲ.

ತರಾಸು ಎಂದೇ ನಾಡಿಗೆಲ್ಲ ಪರಿಚಿತರಾದ ಈ ಲೇಖಕರ ಮನೆತನವು ಚಳ್ಳಕೆರೆ ತಾಲ್ಲೂಕಿನ ತಳುಕಿನದು. ಅವರು ಹುಟ್ಟಿದ್ದು ೧೯೨೦ರಲ್ಲಿ, ಮಲೆಬೆನ್ನೂರಿನಲ್ಲಿ. ಕನ್ನಡದ ಆಚಾರ್ಯರಾಗಿದ್ದ ಟಿ. ಎಸ್. ವೆಂಕಣ್ಣಯ್ಯನವರು ಇದೇ ವಂಶದವರು. ಚಿತ್ರದುರ್ಗದ ಪಾಳೆಯಗಾರರ ಏಳುಬೀಳುಗಳನ್ನು ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ ಮೊದಲಾದ ಕಾದಂಬರಿಗಳಲ್ಲಿ ಅವರು ಬರೆದರು. ಕೊನೆಯ ಮದಕರಿನಾಯಕನ ಪತನವನ್ನು ಚಿತ್ರಿಸುವ ‘ದುರ್ಗಾಸ್ತಮಾನ’ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪುರಸ್ಕಾರವು ೧೯೮೫ರಲ್ಲಿ ಬಂದಾಗ ಅವರು ಬದುಕಿರಲಿಲ್ಲ, ೧೯೮೪ರಲ್ಲಿಯೇ ದಿವಂಗತರಾಗಿದ್ದರು.

ಚಿತ್ರವನ್ನು ಮಾತ್ರ ನೋಡಿದವರಿಗೆ ಮೊದಲು ಆಶ್ಚರ್ಯವನ್ನುಂಟುಮಾಡುವ ಸಂಗತಿಯೆಂದರೆ, ‘ನಾಗರಹಾವು’ ಚಿತ್ರಕ್ಕೆ ಮೂಲವು ಒಂದು ಪುಸ್ತಕವಲ್ಲ, ಮೂರು. ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಕೂಡಿಸಿ ಸುಮಾರು ಮೂರು ಗಂಟೆಗಳ ಚಿತ್ರವನ್ನಾಗಿ ಮಾಡಲಾಯಿತು. ಇದರ ಅರ್ಥವೇನೆಂಬುದನ್ನು ಹುಡುಗಿಯರು ಸ್ವಲ್ಪ ಯೋಚಿಸಬೇಕು. ಮೂರು ಕೊಡ ಹಾಲನ್ನು ಒಂದು ತಂಬಿಗೆಗೆ ಇಳಿಸಬೇಕಾದರೆ ಕುದಿಸಿ ಕುದಿಸಿ ಬತ್ತಿಸದೆ ಉಪಾಯವಿಲ್ಲ. ಬತ್ತಿಸಿದ ಹಾಲು ರುಚಿಯಾದದ್ದೇ, ಆದರೆ ಅದು ಹಾಲಲ್ಲ, ಕೋವ. ಯಾವ ಘಟನೆ ಉಳಿಯಬೇಕು, ಯಾವುದು ಹೋಗಬೇಕು, ವರ್ಷಗಟ್ಟಲೆ ಬೆಳೆದ ಮನಸ್ತಾಪವನ್ನು ಯಾವ ಒಂದು ನೋಟದಲ್ಲಿ ತೋರಿಸಬೇಕು ಎಂಬುದನ್ನೆಲ್ಲ ನಿರ್ದೇಶಕನು ತೀರ್ಮಾನಿಸಬೇಕಾಗುತ್ತದೆ. ತನ್ನ ನಾಗರಹಾವನ್ನು ಪುಟ್ಟಣ್ಣನವರು ಕೇರೆಹಾವನ್ನಾಗಿ ಮಾಡಿಬಿಟ್ಟರೆಂದು ತರಾಸು ಅಸಮಾಧಾನ ಪಟ್ಟರೆಂಬ ಮಾತು ಬಹಳ ಪ್ರಸಿದ್ಧವಾಗಿದೆ. (ನಮ್ಮ ರೈತರು ಹೊಲದ ಇಲಿಗಳನ್ನು ತಿನ್ನುವ ಕೇರೆಹಾವನ್ನು ಅಷ್ಟು ಕೀಳಾಗಿ ಕಾಣಲಾರರು, ಆದರೆ ಲೇಖಕರ ಅಭಿಪ್ರಾಯವು ವಿಷದ ಮಾತಿನಲ್ಲಿದೆ.) ಇಷ್ಟಾದರೂ ನಾಡಿನ ಜನ ಚಿತ್ರವನ್ನು ಎದೆಗೆ ಅಪ್ಪಿಕೊಂಡರು. ಲೇಖಕನ ಅಸಮಾಧಾನವೂ ನೋಡುಗರ ಸಂತೋಷವೂ ಎರಡೂ ನಿಜವಾಗಿರಬಹುದಾದ್ದರಿಂದ, ಒಂದನ್ನು ಸುಳ್ಳೆಂದು ತಳ್ಳಿಹಾಕುವ ಅವಸರ ಬೇಡ. ಕೋಪಿಷ್ಠನಾದ ಹುಡುಗನೊಬ್ಬನ ಮನಸ್ಸಿನೊಳಗೆ ವಿಷ ಹೇಗೆ ಹನಿಹನಿಯಾಗಿ ಸೇರುತ್ತದೆಂಬುದನ್ನು ಪುಟಗಟ್ಟಲೆ ನಿಂತು ನೋಡಲು ಕಾದಂಬರಿಗೆ ಅವಕಾಶವುಂಟು. ಚಿತ್ರದಲ್ಲಿ ಅದೇ ವಿಷವು ಒಂದು ಹುಬ್ಬಿನ ಗಂಟಿನಲ್ಲಿಯೋ ಒಂದು ಹಾಡಿನಲ್ಲಿಯೋ ಮುಗಿದುಹೋಗಬೇಕು.

ಹಾಗೆಂದು ಚಿತ್ರವು ಗ್ರಂಥದ ಬಡ ನೆಂಟನೆಂದು ನಾನು ಹೇಳುವುದಿಲ್ಲ. ಅಕ್ಷರಗಳಿಗೆ ಸಾಧ್ಯವಾಗದ ಕೆಲವನ್ನು ಅದು ಸಾಧಿಸುತ್ತದೆ. ಬಿಸಿಲಿನಲ್ಲಿ ಕಾದ ಹೆಬ್ಬಂಡೆ, ಏಳುಸುತ್ತಿನ ಕೋಟೆಯ ಗೋಡೆ, ಬಂಡೆಗಳ ನಡುವೆ ಸಿಳ್ಳಿಡುವ ಗಾಳಿ ಇವನ್ನೆಲ್ಲ ದುರ್ಗವನ್ನು ಕಾಣದ ಧಾರವಾಡದವರಿಗೂ ಮಂಗಳೂರಿನವರಿಗೂ ಅದು ಒಂದೇ ಸಲಕ್ಕೆ ಕೊಟ್ಟಿತು. ಚಿತ್ರದ ನಡುವೆ ಒನಕೆ ಓಬವ್ವನ ಕಥೆಯೂ ಬರುತ್ತದೆ. ಚಿ. ಉದಯಶಂಕರರು ಬರೆದು, ವಿಜಯಭಾಸ್ಕರರು ಸ್ವರ ಹಾಕಿ, ಪಿ. ಬಿ. ಶ್ರೀನಿವಾಸರು ಹಾಡಿದ ಆ ಗೀತಕ್ಕೆ ನಟಿ ಜಯಂತಿಯವರು ಓಬವ್ವನಾಗಿ ಕಾಣಿಸಿಕೊಂಡರು. ರಾಮಾಚಾರಿಯ ಪ್ರೇಮಕಥೆಯ ಓಟಕ್ಕೆ ಈ ಭಾಗವು ಅಗತ್ಯವೆಂದು ಹೇಳಲಾಗದು. ಅದನ್ನು ತೆಗೆದುಹಾಕಿದರೂ ಕಥೆ ನಿಲ್ಲುತ್ತಿತ್ತು. ಆದರೂ ಇಡೀ ಚಿತ್ರದಲ್ಲಿ ಜನರು ಮರೆಯದೆ ಉಳಿಸಿಕೊಂಡದ್ದು ಅದನ್ನೇ. ಹೈದರಾಲಿಯ ಸೈನಿಕರು ಬಂಡೆಯ ಸಂದಿನಿಂದ ಒಬ್ಬೊಬ್ಬರಾಗಿ ನುಸಿಯುವಾಗ ಕಾವಲುಗಾರನ ಹೆಂಡತಿಯೊಬ್ಬಳು ಒನಕೆಯನ್ನು ಹಿಡಿದು ನಿಂತಳೆಂಬ, ಜನರ ಬಾಯಲ್ಲಿ ಉಳಿದು ಬಂದ ಕಥೆಯು ಕನ್ನಡ ನಾಡಿನ ಮೂಲೆಮೂಲೆಗೆ ತಲಪಿದ್ದರಲ್ಲಿ ಈ ಹಾಡಿನ ಪಾಲು ದೊಡ್ಡದು. ೨೦೨೧ರಿಂದ ರಾಜ್ಯಸರ್ಕಾರವು ನವೆಂಬರ್ ೧೧ರಂದು ಓಬವ್ವನ ಜಯಂತಿಯನ್ನು ಆಚರಿಸುತ್ತಿದೆ. ನಮ್ಮ ಹುಡುಗಿಯರು ಓಬವ್ವನ ಪಾತ್ರವನ್ನು ಕಟ್ಟುವಾಗ ಸೆರಗನ್ನು ಸಿಕ್ಕಿಸುವ ಬಗೆ, ಒನಕೆಯನ್ನೆತ್ತುವ ಬಗೆ ಎಲ್ಲವೂ ಜಯಂತಿಯವರದೇ. ಆ ವೀರಳ ಮುಖವನ್ನು ಯಾರೂ ಕಂಡವರಿಲ್ಲವಾದರೂ ಈಗ ಆಕೆಗೆ ಒಂದು ಮುಖವಿದೆ. ಅದು ಚಿತ್ರದ ಕೊಡುಗೆ, ಚಿತ್ರದ ಬಲಾತ್ಕಾರವೂ ಹೌದು.

ಈ ಮಾತನ್ನು ಇನ್ನೊಂದು ಕಥೆಯೊಡನೆ ಹೋಲಿಸಿ ನೋಡಬೇಕೆನ್ನಿಸುತ್ತದೆ. ಕ್ರೈಸ್ತ ಮನೆಗಳ ಮಕ್ಕಳಿಗೆ ಪ್ರಿಯವಾಗಿರುವ ಅದ್ಭುತ ಕಾದಂಬರಿಗಳಲ್ಲಿ ಸಿ. ಎಸ್. ಲೂಯಿಸರ ನಾರ್ನಿಯದ ಕಥೆಗಳು ಮುಖ್ಯವಾದವು. ಸಿಂಹ, ಮಾಟಗಾತಿ ಮತ್ತು ಬಟ್ಟೆಯ ಬೀರುವಿನ ಕಥೆಯಾದ ಮೊದಲ ಪುಸ್ತಕವು ೧೯೫೦ರಲ್ಲಿ ಪ್ರಕಟವಾಯಿತು; ಅದರ ದೊಡ್ಡ ಚಿತ್ರವು ೨೦೦೫ರಲ್ಲಿ ಬಂದಿತು. ಚಿತ್ರವು ಲಂಡನ್ ನಗರದ ಮೇಲೆ ವಿಮಾನಗಳು ಗುಂಡು ಸುರಿಸುವ ಭಯಂಕರ ನೋಟದಿಂದ ಆರಂಭವಾಗುತ್ತದೆ. ಗ್ರಂಥವನ್ನು ತೆರೆದರೆ, ವಿಮಾನದಾಳಿಯ ಕಾರಣ ಮಕ್ಕಳನ್ನು ಹಳ್ಳಿಗೆ ಕಳುಹಿಸಲಾಯಿತೆಂಬ ಒಂದೇ ವಾಕ್ಯದಲ್ಲಿ ಆ ಯುದ್ಧವೆಲ್ಲ ಮುಗಿದಿರುತ್ತದೆ. ಕೊನೆಯ ಮಹಾಕಾಳಗವೂ ಹಾಗೆಯೇ. ಚಿತ್ರದಲ್ಲಿ ಅದು ಬಹಳ ಹೊತ್ತು ನಡೆಯುತ್ತದೆ; ಪುಸ್ತಕದಲ್ಲಿ ಕೆಲವೇ ಪುಟ. ಏಕೆಂದರೆ ಅಷ್ಟು ಹೊತ್ತು ಲೇಖಕನು ನಮ್ಮನ್ನು ರಣರಂಗದಲ್ಲಿ ನಿಲ್ಲಿಸದೆ, ಲೂಸಿ ಮತ್ತು ಸೂಸನ್ ಎಂಬ ಇಬ್ಬರು ಹುಡುಗಿಯರೊಡನೆ ಕರೆದೊಯ್ದಿರುತ್ತಾನೆ.

ಆ ಹುಡುಗಿಯರು ಎಲ್ಲಿದ್ದರು? ದ್ರೋಹವೆಸಗಿದ ಎಡ್ಮಂಡನಿಗೆ ಬದಲಾಗಿ ತನ್ನ ಪ್ರಾಣವನ್ನು ಒಪ್ಪಿಸಿದ ಆಸ್ಲನ್ ಎಂಬ ಸಿಂಹದ ಮೃತದೇಹದ ಬಳಿಯಲ್ಲಿದ್ದರು. ಇಡೀ ರಾತ್ರಿ ಚಳಿಯಲ್ಲಿ ಅಳುತ್ತ, ಸಿಂಹದ ಬಾಯಿಗೆ ಬಿಗಿದ ಕಟ್ಟನ್ನು ನಡುಗುವ ಬೆರಳುಗಳಿಂದ ಬಿಚ್ಚುತ್ತ, ಇಲಿಗಳು ಬಂದು ಹಗ್ಗಗಳನ್ನು ಕಡಿಯುವುದನ್ನು ನೋಡುತ್ತ ಅವರು ಕಾದರು. ಸತ್ಯವೇದವನ್ನು ಓದಿದ ನಮ್ಮ ವಿದ್ಯಾರ್ಥಿನಿಯರಿಗೆ ಶಿಲುಬೆಯ ಬಳಿಯೂ ಸಮಾಧಿಯ ಬಳಿಯೂ ಬಿಟ್ಟುಹೋಗದೆ ನಿಂತ ಮಗ್ದಲದ ಮರಿಯಳು ಮೊದಲಾದ ಸ್ತ್ರೀಯರ ನೆನಪು ಬಾರದಿರದು. ಚಿತ್ರದಲ್ಲಿಯೂ ಈ ದೃಶ್ಯವುಂಟು, ಚೆನ್ನಾಗಿಯೂ ಇದೆ. ಆದರೆ ಕಾಯುವುದು ಎಂಬ ಕ್ರಿಯೆಯು ತೆರೆಯ ಮೇಲೆ ಹೆಚ್ಚು ಹೊತ್ತು ನಿಲ್ಲಲಾರದು. ನೋಡುಗರು ಆಸನದಲ್ಲಿ ಕದಲತೊಡಗುತ್ತಾರೆ. ಓದುವವಳಿಗೆ ಮಾತ್ರ ಪುಟ ತಿರುಗುವ ವೇಗ ತನ್ನ ಕೈಯಲ್ಲಿಯೇ ಇರುವುದರಿಂದ ಆ ರಾತ್ರಿಯಷ್ಟು ದೀರ್ಘವಾಗಿ ಅಲ್ಲಿ ಕುಳಿತಿರಬಹುದು. ಕಾಳಗದ ಬಳಿಕದ ಸಣ್ಣ ಪ್ರಸಂಗವೊಂದನ್ನೂ ಹೇಳಬೇಕು. ಲೂಸಿಯು ತನ್ನ ಅಮೃತದ ಹನಿಯನ್ನು ಗಾಯಗೊಂಡ ಸೋದರನ ಬಾಯಿಗೆ ಹಾಕಿ, ಅವನು ಚೇತರಿಸುವನೋ ಎಂದು ನೋಡುತ್ತ ನಿಂತಾಗ, ಬೇರೆಯವರೂ ಸಾಯುತ್ತಿದ್ದಾರೆಂದು ಆಸ್ಲನ್ ಆಕೆಯನ್ನು ಎಚ್ಚರಿಸುತ್ತಾನೆ. ಆಕೆ ಸಿಡುಕುತ್ತಾಳೆ, ಆಮೇಲೆ ನಾಚಿ ಹೋಗುತ್ತಾಳೆ. ನಮ್ಮಲ್ಲಿ ಓದಿ ದಾದಿಯರಾಗಿ ಆಸ್ಪತ್ರೆಗಳಲ್ಲಿ ದುಡಿಯುತ್ತಿರುವ ಹಳೆಯ ವಿದ್ಯಾರ್ಥಿನಿಯರು ಈ ಎರಡು ಸಾಲುಗಳ ಭಾರವನ್ನು ನನಗಿಂತ ಚೆನ್ನಾಗಿ ಬಲ್ಲರು.

ಇನ್ನು ಯುದ್ಧದ ವಿಚಾರ. ಕ್ರಿಸ್ಮಸ್ ತಾತನು ಆ ಹುಡುಗಿಯರಿಗೆ ಆಯುಧಗಳನ್ನು ಕೊಡುತ್ತಾನೆ: ಸೂಸನ್‌ಗೆ ಬಿಲ್ಲು, ಲೂಸಿಗೆ ಕಿರುಗತ್ತಿ. ಆದರೆ ನೀವು ಕಾಳಗದಲ್ಲಿ ಇರಕೂಡದು, ಹೆಂಗಸರು ಹೋರಾಡಿದರೆ ಕಾಳಗವು ಕುರೂಪವಾಗುತ್ತದೆಂಬ ಅರ್ಥದ ಮಾತನ್ನು ಗ್ರಂಥದಲ್ಲಿ ಆಡುತ್ತಾನೆ. ಐವತ್ತೈದು ವರ್ಷಗಳ ಬಳಿಕ ಚಿತ್ರವನ್ನು ತೆಗೆದವರಿಗೆ ಈ ಮಾತು ಹಿಡಿಸಲಿಲ್ಲ. ಅವರು ಅದನ್ನು ಕಾಳಗವೆಂಬುದೇ ಕುರೂಪವೆಂದು ತಿದ್ದಿದರು. ಅಷ್ಟೇ ಅಲ್ಲ, ಕೊನೆಯಲ್ಲಿ ಸೂಸನ್ ಬಾಣ ಬಿಟ್ಟು ಶತ್ರುವನ್ನು ಕೆಡಹುವಂತೆ ಮಾಡಿದರು. ಚಿತ್ರವನ್ನು ಮಾತ್ರ ಕಂಡ ಹುಡುಗಿಗೆ ಲೂಯಿಸನ ಈ ಅಭಿಪ್ರಾಯವು ತಿಳಿಯುವುದೇ ಇಲ್ಲ. ತಿಳಿಯದಿದ್ದರೆ ಅದನ್ನು ಒಪ್ಪುವ ಅಥವಾ ಎದುರಿಸುವ ಅವಕಾಶವೂ ಆಕೆಗಿಲ್ಲ. ನಾನಾದರೋ ಎದುರಿಸುವ ಪಕ್ಷದವಳು. ಓಬವ್ವನ ಕಿಂಡಿಯ ಊರಿನಲ್ಲಿ ಪಾಠ ಹೇಳುವವರು ಆ ತಾತನ ಮಾತಿಗೆ ತಲೆದೂಗುವುದು ಕಷ್ಟ. ಓಬವ್ವನಿಗೆ ಯಾರೂ ಆಯುಧ ಕೊಡಲಿಲ್ಲ, ಯಾರೂ ತಡೆಯಲೂ ಇಲ್ಲ. ಬತ್ತ ಕುಟ್ಟುವ ಒನಕೆಯೇ ಕೈಗೆ ಸಿಕ್ಕಿತು. ಆದರೂ ಲೂಯಿಸನ ಪುಟವನ್ನು ಹರಿದುಹಾಕಬೇಕೆಂದು ನಾನು ಹೇಳಲಾರೆ. ದೊಡ್ಡ ಗ್ರಂಥದಲ್ಲಿ ನಮಗೊಪ್ಪದ ವಾಕ್ಯವು ಇದ್ದೇ ಇರುತ್ತದೆ. ಅದನ್ನು ಮುಚ್ಚಿಡುವುದಕ್ಕಿಂತ ಅದರ ಮುಂದೆ ಕುಳಿತು ವಾದಿಸುವುದು ಲೇಸು.

ಮತ್ತೆ ನಮ್ಮ ಬೆಟ್ಟಕ್ಕೆ ಬರೋಣ. ‘ನಾಗರಹಾವಿ’ನಲ್ಲಿ ನಮ್ಮಂಥ ಶಾಲೆಗಳವರು ನಿಂತು ಯೋಚಿಸಬೇಕಾದ ಸ್ಥಳವೊಂದಿದೆ, ಅದು ಓಬವ್ವನದಲ್ಲ. ರಾಮಾಚಾರಿಯು ಅಲಮೇಲುವನ್ನು ಪ್ರೀತಿಸುತ್ತಾನೆ. ಕುಲಾಚಾರದ ಭೇದವು ಅಡ್ಡ ಬರುತ್ತದೆ. ತಂದೆತಾಯಿಗಳ ಮಾತಿಗೆ ಬಗ್ಗದ ಆ ಹುಡುಗನು ಚಾಮಯ್ಯ ಮೇಷ್ಟರ ಮಾತಿಗೆ ಮಾತ್ರ ಬಗ್ಗುವನೆಂದು ಎಲ್ಲರೂ ಬಲ್ಲರು. ಮೇಷ್ಟರು ಕೇಳುತ್ತಾರೆ, ಶಿಷ್ಯನು ಗುರುವಿಗಾಗಿ ತನ್ನ ಪ್ರೇಮವನ್ನು ತ್ಯಾಗ ಮಾಡುತ್ತಾನೆ. ಕೆ. ಎಸ್. ಅಶ್ವತ್ಥರ ಕಣ್ಣುಗಳಲ್ಲಿ ಆ ವಾತ್ಸಲ್ಯವನ್ನು ಕಂಡವರಾರೂ ಮೇಷ್ಟರನ್ನು ಕೆಟ್ಟವರೆನ್ನಲಾರರು. ಚಿತ್ರಮಂದಿರದಲ್ಲಿ ಕುಳಿತ ನಾವು ಗುರುಭಕ್ತಿಗೆ ಕಣ್ಣೀರು ಸುರಿಸಿ ಮುಂದಕ್ಕೆ ಹೋಗುತ್ತೇವೆ. ಆದರೆ ಆ ತ್ಯಾಗದಲ್ಲಿ ತ್ಯಕ್ತವಾದ ವಸ್ತು ಯಾವುದು? ಒಂದು ಹೆಣ್ಣಿನ ಬಾಳು. ಗುರುವು ಕೇಳಿದನು, ಶಿಷ್ಯನು ಕೊಟ್ಟನು, ಒಡಹುಟ್ಟಿದವನು ಸುಮ್ಮನಾದನು. ಅಲಮೇಲುವನ್ನು ಕೇಳಿದವರು ಯಾರು? ಆಕೆಯ ವಿವಾಹವು ಬೇರೆಡೆ ನಡೆದು, ಮುಂದೆ ಆಕೆಯು ಯಾವ ಸ್ಥಿತಿಗಿಳಿದಳೆಂಬುದನ್ನು ರಾಮಾಚಾರಿಯು ಕಣ್ಣಾರೆ ಕಾಣುವಾಗ ಚಿತ್ರವೂ ಈ ಪ್ರಶ್ನೆಯನ್ನು ಮುಟ್ಟುತ್ತದೆ. ಆದರೆ ಮುಟ್ಟಿದ ಕೂಡಲೇ ಮುಂದಿನ ದೃಶ್ಯ ಬಂದುಬಿಡುತ್ತದೆ.

ಶಿಕ್ಷಕರಾದ ನಮಗೆ ಇದು ಬರಿಯ ಕಥೆಯಲ್ಲ. ಹೊಸದುರ್ಗದ, ಹೊಳಲ್ಕೆರೆಯ ಹಳ್ಳಿಗಳಲ್ಲಿ ಹತ್ತನೆಯ ತರಗತಿ ಮುಗಿಯುವ ಮೊದಲೇ ಮಗಳ ಮದುವೆಯ ಮಾತು ಎದ್ದಾಗ, ಸ್ವಲ್ಪ ಬುದ್ಧಿ ಹೇಳಿ ಒಪ್ಪಿಸಿರಿ ಎಂದು ತಂದೆಯು ಉಪಾಧ್ಯಾಯಿನಿಯ ಬಳಿಗೆ ಬರುವುದುಂಟು. ಚಾಮಯ್ಯನವರ ಆಸನದಲ್ಲಿ ಅಂದು ನಾವು ಕುಳಿತಿರುತ್ತೇವೆ. ನಮ್ಮ ಮೇಲೆ ಮಕ್ಕಳಿಗಿರುವ ಪ್ರೀತಿಯನ್ನು ಹಣದಂತೆ ಖರ್ಚುಮಾಡಲು ನಮಗೆ ಅಧಿಕಾರವುಂಟೇ? ಇಲ್ಲವೆಂದೇ ನನ್ನ ಮತ. ಮೂರು ಕಾದಂಬರಿಗಳನ್ನೋದುವ ವಿದ್ಯಾರ್ಥಿನಿಯು ಅಲಮೇಲು ಬರುವ ಪುಟಗಳಿಗೆಲ್ಲ ಸೀಸದಕಡ್ಡಿಯಿಂದ ಗುರುತಿಟ್ಟು, ಆಕೆ ತಾನಾಗಿ ಮಾತನಾಡುವುದೆಲ್ಲಿ, ಆಕೆಯ ವಿಷಯವಾಗಿ ಇತರರು ಮಾತನಾಡುವುದೆಲ್ಲಿ ಎಂದು ಬೇರ್ಪಡಿಸಿ ಬರೆದುಕೊಳ್ಳಲಿ. ವ್ಯಾಕರಣದ ಅಭ್ಯಾಸಗಳಿಗಿಂತ ಇದು ಹೆಚ್ಚು ಕಲಿಸುತ್ತದೆ. ಅದೇ ಹುಡುಗಿ ಚಿತ್ರವನ್ನು ಎರಡನೆಯ ಬಾರಿ ನೋಡಿದಾಗ ಮೇಷ್ಟರ ಮುಖದ ಬದಲು ಆರತಿಯವರ ಮುಖವನ್ನು ನೋಡತೊಡಗುವಳು.

ಮಾರ್ಗರೇಟಳ ಮಾತನ್ನು ನಮ್ಮ ಸಂಚಿಕೆಯಲ್ಲಿ ಬಿಟ್ಟುಬಿಟ್ಟರೆ ಓದುಗರು ಹೇಡಿತನವೆಂದಾರು. ಕಥೆಯ ಎರಡನೆಯ ಹೆಣ್ಣು ಕ್ರೈಸ್ತಳು. ಶುಭಾ ಎಂಬ ನಟಿಯು ಆ ಪಾತ್ರವನ್ನು ವಹಿಸಿದರು. ಆಕೆಯೊಡನೆ ರಾಮಾಚಾರಿಯ ಮದುವೆಯನ್ನೂ ಮೇಷ್ಟರು ಒಪ್ಪಲಾರರು. ಬೆಟ್ಟದ ತುದಿಯಲ್ಲಿ ಗುರುವಿನ ಮರಣ, ಅದರ ಹಿಂದೆಯೇ ಆ ಇಬ್ಬರ ಮರಣ. ಹಳೆಯ ಕನ್ನಡ ಚಿತ್ರಗಳಲ್ಲಿ ಕ್ರೈಸ್ತ ಹುಡುಗಿಯೆಂದರೆ ಗಿಡ್ಡ ಲಂಗ, ಮುರಿದ ಕನ್ನಡ, ಅಂಕೆಯಿಲ್ಲದ ನಡೆ ಎಂಬ ಒಂದು ಅಚ್ಚು ಇದ್ದಿತು. ಹೊಳಲ್ಕೆರೆಯ ಕ್ರೈಸ್ತ ಮನೆಯ ಮಗಳು ನೆರೆಮನೆಯ ಗೆಳತಿಯಂತೆಯೇ ರಾಗಿಮುದ್ದೆ ಉಂಡು, ಅದೇ ಬಾವಿಯ ನೀರು ಸೇದಿ, ಅದೇ ಕನ್ನಡದಲ್ಲಿ ಜಗಳವಾಡಿ ಬೆಳೆಯುವವಳೆಂಬುದು ಆ ಅಚ್ಚನ್ನು ಕೆತ್ತಿದವರಿಗೆ ತಿಳಿದಿರಲಿಲ್ಲ. ಮಾರ್ಗರೇಟಳಲ್ಲಿ ಆ ಅಚ್ಚಿನ ಗುರುತುಗಳು ಇದ್ದರೂ, ಆಕೆಯ ಧೈರ್ಯವೂ ನಿಷ್ಠೆಯೂ ಅಚ್ಚನ್ನು ಮೀರಿ ನಿಲ್ಲುತ್ತವೆಂದು ನನಗೆ ತೋರುತ್ತದೆ. ಉಡುಪನ್ನು ತೆರೆಯು ಹೊಲಿಸಿಕೊಡುತ್ತದೆ. ಪುಸ್ತಕದಲ್ಲಿ ಉಡುಪು ಕಣ್ಣಿಗೆ ಅಷ್ಟು ಅಡ್ಡ ಬರುವುದಿಲ್ಲವಾದ್ದರಿಂದ ಆಕೆಯ ಮಾತನ್ನು ಕೇಳುವುದು ಸುಲಭ. ಇನ್ನು ಕೊನೆಯ ಮೂರು ಮರಣಗಳ ವಿಷಯ: ತಾಯಿತಂದೆಗಳು ಇದನ್ನು ಮಕ್ಕಳೊಡನೆ ಮಾತನಾಡದೆ ಬಿಡಬಾರದು. ಹಾಡು, ಗಾಳಿ, ಎತ್ತರದ ಬಂಡೆ ಇವುಗಳ ಸೊಗಸಿನಲ್ಲಿ ಪ್ರಾಣತ್ಯಾಗವು ಬಹು ಸುಂದರವಾಗಿ ಕಾಣುತ್ತದೆ. ಅದು ಸುಂದರವಲ್ಲ. ಬದುಕಿ ಉಳಿದಿದ್ದರೆ ಆ ಇಬ್ಬರಿಗೆ ಯಾವ ಊರಿನಲ್ಲಿ, ಯಾರ ಆಶ್ರಯದಲ್ಲಿ ಬಾಳು ಸಾಧ್ಯವಿತ್ತು ಎಂದು ಹುಡುಗಿಯರನ್ನು ಕೇಳಿ ನೋಡಿರಿ. ಅವರು ಕೊಡುವ ಉತ್ತರಗಳು ನಿರ್ದೇಶಕನಿಗಿಂತ ಹೆಚ್ಚು ವ್ಯಾವಹಾರಿಕವಾಗಿರುತ್ತವೆ.

ಓದುವ ಕ್ರಮದ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಚಿತ್ರವನ್ನು ಕಂಡ ಮರುದಿನವೇ ಪುಸ್ತಕವನ್ನು ಹಿಡಿಯಬೇಡಿರಿ. ಮುಖಗಳು ಸ್ವಲ್ಪ ಮಾಸಲಿ. ವಿಷ್ಣುವರ್ಧನರ ಮುಖ ಹೇಗೂ ಪೂರ್ತಿ ಮಾಸಲಾರದು, ಅದಕ್ಕೆ ಬೇಸರಪಡಬೇಕಾಗಿಲ್ಲ. ಮೊದಲ ಐವತ್ತು ಪುಟಗಳವರೆಗೆ ಈ ದೃಶ್ಯ ಚಿತ್ರದಲ್ಲಿತ್ತು, ಇದು ಇರಲಿಲ್ಲವೆಂಬ ಲೆಕ್ಕವೇ ಮನಸ್ಸಿನಲ್ಲಿ ನಡೆಯುತ್ತಿರುತ್ತದೆ. ಆಮೇಲೆ ಲೆಕ್ಕವು ತಾನಾಗಿ ನಿಲ್ಲುತ್ತದೆ. ಮೂರು ಕಾದಂಬರಿಗಳನ್ನು ಮೇಲೆ ಹೇಳಿದ ಅನುಕ್ರಮದಲ್ಲಿಯೇ ಓದಬೇಕು. ಸಾಧ್ಯವಾದ ಮನೆಗಳಲ್ಲಿ ತಾಯಿಯೂ ಮಗಳೂ ಒಬ್ಬರಿಗೊಬ್ಬರು ಗಟ್ಟಿಯಾಗಿ ಓದಿದರೆ ಇನ್ನೂ ಚೆನ್ನು. ತ್ರಿವೇಣಿಯವರ ‘ಶರಪಂಜರ’, ಎಂ. ಕೆ. ಇಂದಿರಾ ಅವರ ‘ಗೆಜ್ಜೆಪೂಜೆ’ ಇವೂ ಪುಟ್ಟಣ್ಣನವರ ಕೈಯಲ್ಲಿ ಚಿತ್ರಗಳಾದ ಸ್ತ್ರೀಯರ ಗ್ರಂಥಗಳು. ಅವುಗಳ ಸರದಿಯೂ ಬರಲಿ.

ತರಾಸು ಅವರದೇ ‘ಹಂಸಗೀತೆ’ಯನ್ನು ಕೊನೆಗೆ ಇಟ್ಟುಕೊಳ್ಳಬಹುದು. ದುರ್ಗದ ಸಂಗೀತಗಾರ ಭೈರವಿ ವೆಂಕಟಸುಬ್ಬಯ್ಯನ ಕಥೆಯಾದ ಈ ಒಂದೇ ಕಾದಂಬರಿಯು ಎರಡು ಭಾಷೆಗಳಲ್ಲಿ ಚಿತ್ರವಾಗಿದೆ. ೧೯೫೬ರಲ್ಲಿ ‘ಬಸಂತ್ ಬಹಾರ್’ ಎಂಬ ಹಿಂದಿ ಚಿತ್ರವಾದಾಗ ಅದು ಹಿಂದೂಸ್ಥಾನಿ ಸಂಗೀತದ ಕಡೆಗೆ ಹೊರಳಿತು. ಶಂಕರ್-ಜೈಕಿಶನ್‌ರ ಸಂಗೀತವಿದ್ದ ಅದರಲ್ಲಿ ಭೀಮಸೇನ ಜೋಶಿಯವರೂ ಮನ್ನಾ ಡೇ ಅವರೂ ಸ್ಪರ್ಧಿಗಳಾಗಿ ಹಾಡಿದರು. ೧೯೭೫ರಲ್ಲಿ ಜಿ. ವಿ. ಅಯ್ಯರರು ಕನ್ನಡದಲ್ಲಿ ತೆಗೆದಾಗ ಅನಂತನಾಗರು ನಾಯಕರಾದರು, ಎಂ. ಬಾಲಮುರಳಿಕೃಷ್ಣರು ಕಂಠ ಕೊಟ್ಟು ರಾಷ್ಟ್ರಪ್ರಶಸ್ತಿಯನ್ನು ಪಡೆದರು. ಎರಡು ಚಿತ್ರಗಳನ್ನೂ ಕೇಳಿದವಳ ಕಿವಿಯಲ್ಲಿ ಎರಡು ಬೇರೆ ಬೇರೆ ಕಂಠಗಳು ತುಂಬಿರುತ್ತವೆ. ಪುಸ್ತಕದ ಪುಟದಲ್ಲಿ ಭೈರವಿ ವೆಂಕಟಸುಬ್ಬಯ್ಯನು ಹಾಡಲು ಕುಳಿತಾಗ ಯಾವ ಕಂಠವೂ ಕೇಳಿಸುವುದಿಲ್ಲ. ಅಲ್ಲಿ ಹಾಡನ್ನು ಓದುವವಳೇ ಒದಗಿಸಿಕೊಳ್ಳಬೇಕು.